ಕನ್ನಡ ಓದುವಾಗ ಗಣಕದ ಧ್ವನಿ ಕೈಕೊಟ್ಟರೆ: ಅಂಧ ಬಳಕೆದಾರರಿಗೆ ಒಂದು ಮಾರ್ಗದರ್ಶಿ

ಹೊಸಪೇಟೆ: ದೃಷ್ಟಿ ಇಲ್ಲದವರು ಗಣಕಯಂತ್ರವನ್ನು ಬಳಸುವುದು ಕಿವಿಯ ಮೂಲಕ. ಪರದೆಯ ಮೇಲಿನ ಅಕ್ಷರಗಳನ್ನು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಗಟ್ಟಿಯಾಗಿ ಓದಿ ಹೇಳುತ್ತದೆ. ಆ ಧ್ವನಿ ನಿಂತುಹೋದರೆ ಅಥವಾ ಅರ್ಥವಾಗದ ಸದ್ದಾಗಿ ಮಾರ್ಪಟ್ಟರೆ, ಯಂತ್ರ ಚಾಲೂ ಇದ್ದರೂ ಅವರ ಪಾಲಿಗೆ ಬಂದ್ ಆದಂತೆಯೇ ಸರಿ. ನೇಮಕಾತಿ ಪ್ರಕಟಣೆಯ ಕೊನೆಯ ದಿನಾಂಕವಾಗಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಸಂಶೋಧನಾರ್ಥಿಗೆ ಬೇಕಾದ ಲೇಖನವಾಗಲಿ, ಧ್ವನಿ ಸರಿಹೋಗುವವರೆಗೆ ಕಾಯುವುದಿಲ್ಲ.

ದೋಷ ಮೂರು ಕಡೆ ಇರಬಹುದು: ಯಂತ್ರದ ಸದ್ದಿನ ವ್ಯವಸ್ಥೆಯಲ್ಲಿ, ಓದುವ ತಂತ್ರಾಂಶದಲ್ಲಿ ಅಥವಾ ಓದಬೇಕಾದ ಕಡತದಲ್ಲಿಯೇ. ಮೊದಲೆರಡನ್ನು ಬಳಕೆದಾರರು ತಾವೇ ಸರಿಪಡಿಸಿಕೊಳ್ಳಬಹುದು. ಮೂರನೆಯದು ಅವರ ತಪ್ಪಲ್ಲ; ಆದರೂ ಕನ್ನಡದಲ್ಲಿ ಹೆಚ್ಚು ಕಾಡುವುದು ಅದೇ.

ಇಲ್ಲಿ ಮುಖ್ಯವಾಗಿ ಎನ್‌ವಿಡಿಎ ತಂತ್ರಾಂಶವನ್ನು ಗಮನದಲ್ಲಿ ಇರಿಸಿಕೊಳ್ಳಲಾಗಿದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಇದನ್ನು ಆರಂಭಿಸಿದರು. ಜೇಮ್ಸ್ ಟೆ ಅವರೊಂದಿಗೆ ಕೈಜೋಡಿಸಿದರು. ಇಬ್ಬರೂ ಸ್ವತಃ ಅಂಧರು. ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಇದರೊಂದಿಗೇ ಬರುವ ಇ-ಸ್ಪೀಕ್ ಎನ್‌ಜಿ ಎಂಬ ಧ್ವನಿ ಸಂಯೋಜಕದಲ್ಲಿ ಕನ್ನಡವೂ ಇದೆ. ಅದರ ಧ್ವನಿ ಯಾಂತ್ರಿಕವಾಗಿ ಕೇಳಿಸುತ್ತದೆ ಎಂಬ ದೂರು ನಿಜ. ಆದರೆ ಹೆಚ್ಚು ವೇಗದಲ್ಲಿಯೂ ಸ್ಪಷ್ಟವಾಗಿರುವುದರಿಂದ ಅನುಭವಿಗಳು ಅದನ್ನೇ ಉಳಿಸಿಕೊಳ್ಳುವುದುಂಟು.

ಧ್ವನಿಯೇ ಬಾರದಿದ್ದರೆ

ಮೊದಲು ವಿಂಡೋಸ್, ಕಂಟ್ರೋಲ್ ಮತ್ತು ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ವಿಂಡೋಸ್‌ನ ಸ್ವಂತ ಓದುಗ ನರೇಟರ್ ಆರಂಭವಾಗುತ್ತದೆ. ಅದು ಮಾತನಾಡಿದರೆ ಸ್ಪೀಕರ್ ಸರಿಯಿದೆ, ದೋಷ ಎನ್‌ವಿಡಿಎಯಲ್ಲಿದೆ ಎಂದು ತಿಳಿಯಬಹುದು. ಅದೂ ಮೌನವಾಗಿದ್ದರೆ ತಂತಿ, ಧ್ವನಿ ಮಟ್ಟ, ಇಯರ್‌ಫೋನ್ ಸಿಕ್ಕಿಸುವ ರಂಧ್ರ ಇವುಗಳನ್ನು ನೋಡಬೇಕು. ಸಂಡೂರಿನಂಥ ಗಣಿ ಪ್ರದೇಶದ ಕೆಂಧೂಳು ಇಂಥ ರಂಧ್ರಗಳನ್ನು ಬಿಡುವುದಿಲ್ಲ. ಯಂತ್ರಕ್ಕೆ ಬಟ್ಟೆ ಹೊದಿಸಿಡುವುದು ಒಳ್ಳೆಯದು. ಒಮ್ಮೆ ಜೋಡಿಸಿದ ಬ್ಲೂಟೂತ್ ಇಯರ್‌ಫೋನ್ ಪಕ್ಕದ ಕೋಣೆಯಲ್ಲಿದ್ದು, ಧ್ವನಿಯೆಲ್ಲ ಅದಕ್ಕೇ ಹೋಗುತ್ತಿರುವ ಸಾಧ್ಯತೆಯೂ ಇದೆ.

ನರೇಟರ್ ಮಾತನಾಡಿ ಎನ್‌ವಿಡಿಎ ಮಾತ್ರ ಸುಮ್ಮನಿದ್ದರೆ ಅದಕ್ಕೆ ಒಂದು ಸಾಮಾನ್ಯ ಕಾರಣವಿದೆ. ಇನ್ಸರ್ಟ್ ಜೊತೆ ಎಸ್ ಒತ್ತಿದಾಗಲೆಲ್ಲ ಅದರ ಮಾತಿನ ವಿಧಾನ ಬದಲಾಗುತ್ತದೆ: ಮಾತು, ಮೌನ, ಬರಿಯ ಬೀಪ್ ಸದ್ದು, ಮತ್ತು ಇತ್ತೀಚಿನ ಆವೃತ್ತಿಗಳಲ್ಲಿ ಕೇಳಿದಾಗ ಮಾತ್ರ ಹೇಳುವ ವಿಧಾನ. ಕಡತ ಉಳಿಸಲು ಕಂಟ್ರೋಲ್ ಎಸ್ ಒತ್ತುವ ಬದಲು ಬೆರಳು ಇನ್ಸರ್ಟ್ ಮೇಲೆ ಬಿದ್ದರೆ ಸಾಕು, ಮಾತು ನಿಲ್ಲುತ್ತದೆ. ಮತ್ತೆ ಮಾತು ಕೇಳುವವರೆಗೆ ಅದೇ ಕೀಲಿಗಳನ್ನು ನಿಧಾನವಾಗಿ ಒತ್ತುತ್ತಾ ಹೋಗಬೇಕು. ಒಂದೇ ಒಂದು ತಂತ್ರಾಂಶದೊಳಗೆ ಮಾತ್ರ ಮೌನವಿದ್ದರೆ ಅಲ್ಲಿ ಎನ್‌ವಿಡಿಎಯ ನಿದ್ರಾ ಸ್ಥಿತಿ ಚಾಲೂ ಆಗಿರಬಹುದು. ಇನ್ಸರ್ಟ್, ಶಿಫ್ಟ್ ಮತ್ತು ಎಸ್ ಒತ್ತಿದರೆ ಅದು ರದ್ದಾಗುತ್ತದೆ. ಯಾವುದೂ ಫಲಿಸದಿದ್ದರೆ ಕಂಟ್ರೋಲ್, ಆಲ್ಟ್ ಮತ್ತು ಎನ್ ಒತ್ತಿ ಎನ್‌ವಿಡಿಎಯನ್ನೇ ಮರು ಆರಂಭಿಸಬಹುದು. ವಿದ್ಯುತ್ ಗುಂಡಿ ಒತ್ತಿ ಯಂತ್ರ ಆರಿಸುವುದು ಕಟ್ಟಕಡೆಯ ಮಾರ್ಗವಾಗಿರಲಿ. ಉಳಿಸದ ಬರಹ ಅದರೊಂದಿಗೇ ಹೋಗುತ್ತದೆ.

ಹಣ ಕೊಟ್ಟು ಕೊಳ್ಳಬೇಕಾದ ಜಾಸ್ ತಂತ್ರಾಂಶದ ಪರೀಕ್ಷಾರ್ಥ ಆವೃತ್ತಿ 40 ನಿಮಿಷಗಳ ನಂತರ ನಿಲ್ಲುತ್ತದೆ. ಅದು ದೋಷವಲ್ಲ. ಯಂತ್ರವನ್ನು ಮರು ಆರಂಭಿಸಿದರೆ ಇನ್ನೊಂದು ಅವಧಿ ದೊರೆಯುತ್ತದೆ.

ಮಾತು ಹಿಡಿಯಲಾಗದಷ್ಟು ವೇಗವಾದರೆ ಇನ್ಸರ್ಟ್ ಮತ್ತು ಕಂಟ್ರೋಲ್ ಜೊತೆ ಎಡ ಬಲ ಬಾಣಗಳಿಂದ ವೇಗವನ್ನು ಆರಿಸಿ, ಕೆಳ ಬಾಣದಿಂದ ಇಳಿಸಬೇಕು. ಎಲ್ಲವೂ ಕಲಸಿಹೋಗಿದ್ದರೆ ಇನ್ಸರ್ಟ್, ಕಂಟ್ರೋಲ್ ಮತ್ತು ಆರ್ ಹಿಂದೆ ಉಳಿಸಿದ ವ್ಯವಸ್ಥೆಗೆ ಮರಳಿಸುತ್ತದೆ. ಮೂರು ಬಾರಿ ಬೇಗಬೇಗನೆ ಒತ್ತಿದರೆ ಮೂಲ ಸ್ಥಿತಿಗೇ ಒಯ್ಯುತ್ತದೆ. ಇದನ್ನು ಎನ್‌ವಿಡಿಎಯಿಂದ ಹೊರಬರುವ ಮೊದಲೇ ಮಾಡಬೇಕು, ಏಕೆಂದರೆ ಹೊರಬರುವಾಗ ಕೆಟ್ಟ ವ್ಯವಸ್ಥೆಯೂ ತಾನಾಗಿ ಉಳಿದುಬಿಡುವ ಸಂಭವವಿದೆ.

ಇಂಗ್ಲಿಷ್ ಓದಿ ಕನ್ನಡ ಬಿಟ್ಟರೆ

ಇಂಗ್ಲಿಷ್ ಧ್ವನಿಗೆ ಕನ್ನಡ ಲಿಪಿ ತಿಳಿಯದು. ಅದು ಕನ್ನಡ ಸಾಲನ್ನು ಹಾರಿಸಿ ಮುಂದೆ ಹೋಗುವುದುಂಟು. ಕೇಳುವವರಿಗೆ ಪುಟವೇ ಖಾಲಿ ಎನಿಸುತ್ತದೆ. ಇನ್ಸರ್ಟ್, ಕಂಟ್ರೋಲ್ ಮತ್ತು ಎಸ್ ಒತ್ತಿ ಇ-ಸ್ಪೀಕ್ ಆರಿಸಬೇಕು. ನಂತರ ಇನ್ಸರ್ಟ್, ಕಂಟ್ರೋಲ್ ಮತ್ತು ವಿ ಒತ್ತಿ ಧ್ವನಿಗಳ ಪಟ್ಟಿಯಲ್ಲಿ ಕನ್ನಡವನ್ನು ಆರಿಸಬೇಕು. ಭಾಷೆಯನ್ನು ತಾನಾಗಿ ಬದಲಿಸುವ ಸೌಲಭ್ಯ ಇದೆಯಾದರೂ, ಪುಟ ಸಿದ್ಧಪಡಿಸಿದವರು ಅದರ ಭಾಷೆಯನ್ನು ನಮೂದಿಸಿದ್ದರೆ ಮಾತ್ರ ಅದನ್ನು ನೆಚ್ಚಬಹುದು.

ಧ್ವನಿ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಈ ಭಾಗದ ಊರುಗಳ ಹೆಸರೇ ಸಾಕು. ಹಂಪಿ, ಕಂಪ್ಲಿ, ಸಂಡೂರು ಮೂರರಲ್ಲೂ ಸೊನ್ನೆ ಇದೆ. ಮೊದಲೆರಡರಲ್ಲಿ ಅದು ಮಕಾರವಾಗಿ, ಸಂಡೂರಿನಲ್ಲಿ ಣಕಾರವಾಗಿ ಕೇಳಬೇಕು. ಹೊಸಪೇಟೆಯ 'ಪೇ' ದೀರ್ಘವಾಗಿರಬೇಕು. ಇದೇ ಹೆಸರನ್ನು ರೋಮನ್ ಅಕ್ಷರಗಳಲ್ಲಿ ಬರೆದರೆ ಇಂಗ್ಲಿಷ್ ಧ್ವನಿ ಅದನ್ನು 'ಪೀಟ್' ಎಂದು ಮುಗಿಸಬಹುದು. ಅದಕ್ಕೆ ಯಂತ್ರವನ್ನು ದೂರುವಂತಿಲ್ಲ.

ಕನ್ನಡ ಕಾಣುತ್ತದೆ, ಕೇಳುವುದಿಲ್ಲ

ಅತ್ಯಂತ ಗೊಂದಲದ ಸಂಗತಿ ಇದು. ಪಕ್ಕದಲ್ಲಿ ಕುಳಿತ ಕಣ್ಣುಳ್ಳವರು 'ಚೆನ್ನಾಗಿಯೇ ಕನ್ನಡದಲ್ಲಿದೆಯಲ್ಲ' ಎನ್ನುತ್ತಾರೆ. ಸ್ಕ್ರೀನ್ ರೀಡರ್ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯನ್ನು ಓದುತ್ತದೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತಗಳೇ ಇದಕ್ಕೆ ಕಾರಣ. ಅವುಗಳಲ್ಲಿ ಕನ್ನಡ ಅಕ್ಷರವು ಕನ್ನಡವಾಗಿ ಉಳಿದಿರುವುದಿಲ್ಲ. ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿರುತ್ತಾರೆ, ಅಷ್ಟೆ. ನುಡಿಯ ಹಳೆಯ ವಿಧಾನದಲ್ಲಿ 'ಕನ್ನಡ' ಎಂಬ ಪದದ ಕಕಾರ ಎಂದರೆ ರೋಮನ್ ಪಿ ಮತ್ತು ತಲೆಯ ಮೇಲೆ ಗೆರೆಯುಳ್ಳ ಎ; ನಕಾರಕ್ಕೆ ಇರುವುದು ಬ್ರಿಟಿಷ್ ಪೌಂಡಿನ ಚಿಹ್ನೆ. ಕಣ್ಣಿಗೆ ಚಿತ್ರ ಕಾಣುತ್ತದೆ, ಸ್ಕ್ರೀನ್ ರೀಡರಿಗೆ ಪಿ ಮತ್ತು ಪೌಂಡು ಸಿಗುತ್ತವೆ. ಧ್ವನಿಯನ್ನು ಎಷ್ಟು ಬದಲಿಸಿದರೂ ಇದು ಸರಿಹೋಗದು.

ಯೂನಿಕೋಡ್ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನವಿದೆ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಎಂಬ ಕನ್ನಡ ಯೂನಿಕೋಡ್ ಅಕ್ಷರಶೈಲಿ ಬಂದಿತು. ನುಡಿ, ಬರಹಗಳ ನಂತರದ ಆವೃತ್ತಿಗಳಲ್ಲಿಯೂ ಯೂನಿಕೋಡ್ ಆಯ್ಕೆ ಇದೆ. ಅಂದರೆ ಸಾಧನದ ಕೊರತೆಯಿಲ್ಲ. ಬೆರಳಚ್ಚಿನ ಹಳೆಯ ರೂಢಿ ಬಿಟ್ಟಿಲ್ಲ.

ದೋಷ ಕಡತದ್ದೇ ಎಂದು ಖಚಿತಪಡಿಸಿಕೊಳ್ಳುವುದು ಸುಲಭ. ಬಲ ಬಾಣದಿಂದ ಒಂದೊಂದೇ ಅಕ್ಷರ ಓದಿಸಿದಾಗ ಪಿ, ಪೌಂಡ್ ಎಂದು ಕೇಳಿದರೆ ಅದು ಹಳೆಯ ವಿಧಾನದ ಕಡತ. ಆ ಸಾಲುಗಳನ್ನು ಮೊಬೈಲ್‌ಗೆ ಕಳುಹಿಸಿ ಟಾಕ್‌ಬ್ಯಾಕ್‌ನಲ್ಲಿ ಕೇಳಿದರೂ ಅದೇ ಗೊಂದಲ ಬರುತ್ತದೆ. ಕಚೇರಿಯ ಸಿಬ್ಬಂದಿಗೆ ತೋರಿಸಬೇಕಾದರೆ ಅವರ ಯಂತ್ರದಲ್ಲಿಯೇ ಅಕ್ಷರಶೈಲಿಯನ್ನು ತುಂಗಾ ಅಥವಾ ನಿರ್ಮಲಾ ಯುಐಗೆ ಬದಲಿಸಲು ಹೇಳಬಹುದು. ಯೂನಿಕೋಡ್ ಆಗಿದ್ದರೆ ಕನ್ನಡವಾಗಿಯೇ ಉಳಿಯುತ್ತದೆ. ಇಲ್ಲವಾದರೆ ಅವರ ಕಣ್ಣೆದುರೇ ರೋಮನ್ ಅಕ್ಷರಗಳು ಮೂಡುತ್ತವೆ. ವಾದಕ್ಕಿಂತ ಇದು ಬೇಗ ಮನವರಿಕೆ ಮಾಡಿಸುತ್ತದೆ.

ಯೂನಿಕೋಡ್ ಪ್ರತಿಯನ್ನು ಕೇಳುವುದು ಉಪಕಾರ ಬೇಡಿದಂತಲ್ಲ. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ 42ನೆಯ ಪ್ರಕರಣವು ವಿದ್ಯುನ್ಮಾನ ಮಾಧ್ಯಮದ ಮಾಹಿತಿ ಅಂಗವಿಕಲರಿಗೂ ಎಟುಕುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಹೊಸಪೇಟೆ ಈಗ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಕೇಂದ್ರ. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿವೆ. ಅರ್ಜಿ ಯಾವ ಜಿಲ್ಲೆಯ ಕಚೇರಿಗೆ ಹೋದರೂ ಕಾನೂನು ಒಂದೇ. ಅರ್ಜಿಯಲ್ಲಿ 'ಓದಲಾಗುತ್ತಿಲ್ಲ' ಎಂದಷ್ಟೇ ಬರೆಯದೆ, 'ಯೂನಿಕೋಡ್ ಅಕ್ಷರಗಳಲ್ಲಿ ಇರುವ ಕಡತ ಬೇಕು, ಸ್ಕ್ಯಾನ್ ಮಾಡಿದ ಚಿತ್ರ ಬೇಡ' ಎಂದು ಸ್ಪಷ್ಟವಾಗಿ ಬರೆಯುವುದು ಲೇಸು.

ಚಿತ್ರದ ವಿಷಯವೂ ಮುಖ್ಯವೇ. ಸಹಿ, ಮೊಹರು ಹಾಕಿ ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಅಕ್ಷರಗಳೇ ಇರುವುದಿಲ್ಲ. ಅಂಥದನ್ನು ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ, ಅಥವಾ ಉಚಿತ ಟೆಸರಾಕ್ಟ್ ತಂತ್ರಾಂಶ ಬಳಸಿದರೆ ಕನ್ನಡ ಅಕ್ಷರಗಳು ಬಹುಮಟ್ಟಿಗೆ ದೊರೆಯುತ್ತವೆ. ಆದರೆ ದಿನಾಂಕ, ಶುಲ್ಕ, ಸರ್ವೆ ಸಂಖ್ಯೆಗಳನ್ನು ಕಣ್ಣುಳ್ಳವರಿಂದ ಒಮ್ಮೆ ಓದಿಸಿ ತಾಳೆ ನೋಡದೆ ಅರ್ಜಿ ತುಂಬಬಾರದು.

ಹಳೆಯ ನುಡಿ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಅವುಗಳಲ್ಲಿ ಎಡವುವ ಜಾಗ ಅರ್ಕಾವತ್ತು. ಹಳೆಯ ವಿಧಾನದಲ್ಲಿ ಅದನ್ನು ಅಕ್ಷರದ ನಂತರ ಇರಿಸುತ್ತಿದ್ದುದರಿಂದ, ಕಳಪೆ ಪರಿವರ್ತಕ 'ಕರ್ನಾಟಕ'ವನ್ನು 'ಕನಾರ್ಟಕ' ಮಾಡುತ್ತದೆ. ಬದಲಿಸಿದ ಕಡತದಲ್ಲಿ ಮೊದಲು ಈ ಪದವನ್ನೇ ಹುಡುಕಿ ಓದಿಸಿ ಕೇಳಬೇಕು. ಅದು ಸರಿಯಿಲ್ಲದಿದ್ದರೆ ಬೇರೆ ಪರಿವರ್ತಕವನ್ನು ಬಳಸಬೇಕು.