ಲಸಿಕೆ ಮತ್ತು ಲೋಕಸಮ್ಮತಿ: ರಾಯದುರ್ಗ–ಮಡಕಶಿರಾ ಗಡಿ ಸೀಮೆಯ ಒಂದು ಅಧ್ಯಯನ

ಸಿಡುಬಿನ ಲಸಿಕೆಯನ್ನು ಜನ ಒಲ್ಲೆವೆಂದದ್ದಕ್ಕೆ ವಸಾಹತು ಕಾಲದ ಅಧಿಕಾರಿಗಳು ಸಾಮಾನ್ಯವಾಗಿ ಕೊಡುತ್ತಿದ್ದ ಕಾರಣ ದೇವತೆಯ ಭಯ. ಆ ಮಾತಿಗೆ ಆಧಾರವಿಲ್ಲದೆ ಇರಲಿಲ್ಲ. ಕನ್ನಡ, ತೆಲುಗು ಎರಡೂ ಬೆರೆತ ಈ ಬಯಲು ಸೀಮೆಯಲ್ಲಿ ಸಿಡುಬೆದ್ದರೆ ಮನೆಗೆ ಅಮ್ಮ ಬಂದಳೆಂದೇ ನಂಬಿಕೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ನಿಲ್ಲಿಸಿ, ಹೊರಗಿನವರನ್ನು ಒಳಗೆ ಬಿಡದೆ, ಗುಣವಾದ ಮೇಲೆ ಮಾರಮ್ಮನಿಗೆ ಎಡೆ ಒಪ್ಪಿಸುತ್ತಿದ್ದರು. ಈ ಆಚಾರದೊಳಗೆ ರೋಗಿಯನ್ನು ಬೇರೆಯಾಗಿಡುವ ವಿವೇಕವೂ ಅಡಗಿತ್ತು. ಅದನ್ನು ಗಮನಿಸಿದ ಅಧಿಕಾರಿಗಳು ಕಡಿಮೆ.

ಆದರೆ ವಿರೋಧದ ಬೇರು ಬಹುಮಟ್ಟಿಗೆ ಲಸಿಕೆ ಹಾಕುವ ಕ್ರಮದಲ್ಲೇ ಇತ್ತು. ಮುಂಬಯಿಯಲ್ಲಿ 1802ರ ಜೂನ್ 14ರಂದು ಭಾರತದ ಮೊದಲ ಲಸಿಕೆ ಬಿದ್ದ ಮೇಲೆ ಬಹುಕಾಲ ತೋಳಿನಿಂದ ತೋಳಿಗೆ ಕೀವು ದಾಟಿಸುವುದೇ ಪದ್ಧತಿಯಾಗಿತ್ತು. ಲಸಿಕೆ ಪಡೆದ ಮಗುವನ್ನು ಸುಮಾರು ಎಂಟನೆಯ ದಿನ ಮತ್ತೆ ಕರೆತರಬೇಕು, ಅದರ ಗುಳ್ಳೆಯನ್ನು ಒಡೆದು ಬೇರೆ ಮಕ್ಕಳಿಗೆ ಹಚ್ಚಬೇಕು. ತಮ್ಮ ಕೂಸನ್ನು ನೋಯಿಸಿ ಊರಿಗೆ ಹಂಚುವುದನ್ನು ತಾಯಂದಿರು ಸಹಿಸಲಿಲ್ಲ. ಯಾವ ಜಾತಿಯ ಮಗುವಿನ ಕೀವು ಯಾರ ಮೈಗೆ ಸೇರುತ್ತದೆ ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದು. ಬೇಸಿಗೆಯ ಸೆಕೆಗೆ ಕೀವು ಕೆಟ್ಟು, ಲಸಿಕೆ ಹಾಕಿಸಿಕೊಂಡವರಿಗೂ ಸಿಡುಬು ಬಂದಾಗ ಉಳಿದಿದ್ದ ನಂಬಿಕೆಯೂ ಹೋಗುತ್ತಿತ್ತು. ಕರುವಿನಿಂದ ತೆಗೆದ ಲಸಿಕೆ ಬಳಕೆಗೆ ಬಂದು, 1899ರಲ್ಲಿ ಮದರಾಸಿನ ಗಿಂಡಿಯಲ್ಲಿ ಕಿಂಗ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾದ ಮೇಲೆ ಜಾತಿಯ ತೊಡಕು ಸಡಿಲವಾಯಿತು. ಅಮ್ಮನ ಮೇಲಿನ ಭಕ್ತಿ ಮಾತ್ರ ಹಾಗೇ ಇತ್ತು.

ಲಸಿಕೆಯನ್ನು ತರುವವರು ಯಾರೆಂಬುದೂ ಮುಖ್ಯವಾಗಿತ್ತು. ಮಡಕಶಿರಾದ ಪಕ್ಕದ ಮೈಸೂರು ಸಂಸ್ಥಾನದಲ್ಲಿ ಅದು ಅರಮನೆಯ ಬೆಂಬಲದೊಂದಿಗೆ ಬಂತು. ಥಾಮಸ್ ಹಿಕ್ಕಿ ಸುಮಾರು 1805ರಲ್ಲಿ ಬರೆದ ರಾಜಸ್ತ್ರೀಯರ ಚಿತ್ರದಲ್ಲಿ ಕಿರಿಯ ರಾಣಿ ಸೆರಗು ಸರಿಸಿ ಲಸಿಕೆಯ ತೋಳನ್ನು ತೋರಿಸುತ್ತಿದ್ದಾಳೆ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲದ ರಾಯದುರ್ಗ, ಮಡಕಶಿರಾಗಳಿಗೆ ಅಂಥ ರಾಜಾಶ್ರಯವಿರಲಿಲ್ಲ. ಕಂದಾಯ ಕೇಳುವ ಸರ್ಕಾರವೇ ಮಗುವಿನ ತೋಳನ್ನೂ ಕೇಳುತ್ತಿತ್ತು.

ಗಡಿಗಳೂ ಸ್ಥಿರವಾಗಿರಲಿಲ್ಲ. ಬಳ್ಳಾರಿಯನ್ನು ಒಡೆದು 1882ರಲ್ಲಿ ಮಾಡಿದ ಅನಂತಪುರ ಜಿಲ್ಲೆಗೆ ಮಡಕಶಿರಾ ಸೇರಿತು. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿಯಲ್ಲಿದ್ದು, ಅಂದು ಆಂಧ್ರಕ್ಕೆ ಹೋಯಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ನೆಂಟಸ್ತನ ಮಾತ್ರ ಇಂದಿಗೂ ಗಡಿಯಾಚೆಯ ಕರ್ನಾಟಕದ ಮೊಳಕಾಲ್ಮೂರು, ಪಾವಗಡ, ಶಿರಾಗಳ ಕಡೆಗೇ ಹರಿಯುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳ ಮಗುವಿಗೆ ಮೊದಲ ಲಸಿಕೆ ಒಂದು ರಾಜ್ಯದಲ್ಲಿ, ಮುಂದಿನದು ಇನ್ನೊಂದರಲ್ಲಿ. ಕರ್ನಾಟಕದ ತಾಯಿ ಕಾರ್ಡ್ ಒಂದು ಭಾಷೆಯದು, ಆಚೆಯ ದಾಖಲೆ ಇನ್ನೊಂದರದು. ತಪ್ಪಿಹೋದ ಡೋಸನ್ನೆಲ್ಲ ನಿರಾಕರಣೆಯೆಂದು ಎಣಿಸುವುದು ಇಲ್ಲಿ ಸಲ್ಲದು.

ಕೂಲಿಯ ಲೆಕ್ಕವೂ ಇದೆ. ಚುಚ್ಚುಮದ್ದಿನ ರಾತ್ರಿ ಮಗುವಿಗೆ ಜ್ವರ ಬಂದರೆ, ರಾಯದುರ್ಗದ ಜೀನ್ಸ್ ಹೊಲಿಗೆಯವಳಿಗಾಗಲಿ ಶೇಂಗಾ ಹೊಲದ ಆಳಿಗಾಗಲಿ ಮರುದಿನದ ಸಂಬಳ ಹೋದಂತೆ. ಜ್ವರ ಬರಬಹುದು, ಬಂದರೆ ಏನು ಮಾಡಬೇಕೆಂದು ಮೊದಲೇ ಹೇಳುವ ಪರಿಚಿತ ಆಶಾ ಕಾರ್ಯಕರ್ತೆಯ ಮಾತು ಇಂಥಲ್ಲಿ ಭಿತ್ತಿಪತ್ರಕ್ಕಿಂತ ಹೆಚ್ಚು ನಡೆಯುತ್ತದೆ.

ಸಮ್ಮತಿಯನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಅಂದಿನ ಆಂಧ್ರದ ಖಮ್ಮಂ ಜಿಲ್ಲೆಯೇ ಉದಾಹರಣೆ. ಅಲ್ಲಿ 2009ರಲ್ಲಿ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕುವಾಗ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆಯ ಸಹಿ ಹಾಕಿದ್ದು ಬಯಲಾಯಿತು. 2010ರಲ್ಲಿ ಯೋಜನೆಯೇ ನಿಂತಿತು.

ದಡಾರ–ರುಬೆಲ್ಲಾ ಅಭಿಯಾನ ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ, ಆಂಧ್ರದಲ್ಲಿ ಆಗಸ್ಟ್‌ನಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದರ ವಿರುದ್ಧ ವಾಟ್ಸಾಪ್ ವದಂತಿಗಳು ಹರಿದಾಡಿದ್ದವು. ವದಂತಿಗೆ ರಾಜ್ಯದ ಗಡಿಯಿಲ್ಲ. ಒಂದೇ ಬಳಗದ ಮಕ್ಕಳು ಗಡಿಯ ಎರಡು ಬದಿಯಲ್ಲಿರುವ ಸೀಮೆಯಲ್ಲಿ ಲಸಿಕೆಗೆ ಮೊದಲೇ ಅದರ ಸುದ್ದಿ ಊರು ಸೇರಲು ಆರು ತಿಂಗಳ ಅವಕಾಶವಿತ್ತು.