ನೀರಿಗೆ ದಾರಿ ಬಿಟ್ಟವರು

ಕಳೆದ ಆಷಾಢದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿ ಮಾಡಿದ್ದನು. "ಸಾರ್, ತೀರ್ಥಹಳ್ಳಿಯಲ್ಲಿ ಹೊಸ ಮನೆ ಕಟ್ಟಿ ಇನ್ನೂ ಮೂರು ಮಳೆಗಾಲ ಆಗಿಲ್ಲ, ಗೋಡೆ ಮೊಣಕಾಲೆತ್ತರ ನೀರು ಕುಡಿದಿದೆ. ನೀವೋ ಇತಿಹಾಸದ ಮೇಷ್ಟ್ರು, ನಿಮ್ಮನ್ನು ಕೇಳಿ ಏನು ಪ್ರಯೋಜನ!" ಎಂದು ನಕ್ಕನು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಯೋಚಿಸಿದಾಗ, ಇದು ಇತಿಹಾಸದ ಮೇಷ್ಟ್ರನ್ನೇ ಕೇಳಬೇಕಾದ ಪ್ರಶ್ನೆ ಎನ್ನಿಸಿತು. ಅವನಿಗೆ ಕೊಡಬೇಕೆಂದುಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿ: ನಾನು ಹುಟ್ಟಿದ್ದು, ಓದಿದ್ದು, ಪಾಠ ಹೇಳಿದ್ದು ಎಲ್ಲವೂ ಈ ಮೂರು ತಾಲ್ಲೂಕುಗಳ ಒಳಗೆ. ಕೆಳದಿಯ ಅರಸರ ರಾಜಧಾನಿಗಳು ಇದ್ದದ್ದೂ ಇಲ್ಲಿಯೇ. ಕೆಳದಿ, ಇಕ್ಕೇರಿಗಳು ಸಾಗರಕ್ಕೆ ಸೇರಿದವು, ಬಿದನೂರು, ಅಂದರೆ ಇಂದಿನ ನಗರ, ಹೊಸನಗರಕ್ಕೆ ಸೇರಿದ್ದು, ಕವಲೇದುರ್ಗ ತೀರ್ಥಹಳ್ಳಿಯದು. ಇದೇ ಸೀಮೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. 1946ರ ಆಗಸ್ಟ್ ತಿಂಗಳೊಂದರಲ್ಲಿಯೇ ಅಲ್ಲಿ 4,500 ಮಿ.ಮೀ. ದಾಟಿತ್ತು. ಇಂತಹ ನಾಡಿನಲ್ಲಿ ರಾಜಧಾನಿ ಕಟ್ಟಿದವರು ಬಿಜಾಪುರದ ಸೈನ್ಯವನ್ನು ಎದುರಿಸುವ ಮೊದಲು ಮಳೆಯನ್ನು ಎದುರಿಸಬೇಕಾಗಿತ್ತು.

ನನ್ನೊಡನೆ ಕವಲೇದುರ್ಗಕ್ಕೆ ಪ್ರವಾಸ ಬಂದವರಿಗೆ ನೆನಪಿರಬಹುದು. ಏದುಸಿರು ಬಿಡುತ್ತ ಮೇಲೆ ಹತ್ತಿದ ಮಕ್ಕಳು ಪ್ರತಿ ವರ್ಷವೂ ಕೇಳುತ್ತಿದ್ದ ಪ್ರಶ್ನೆ ಒಂದೇ: "ಅರಮನೆ ಎಲ್ಲಿ ಸಾರ್?" ಅರಮನೆಯ ಮಾಡಿಲ್ಲ, ಮರದ ಕಂಬಗಳಿಲ್ಲ. ಹೈದರಾಲಿ ಬಿದನೂರನ್ನು ಹಿಡಿದದ್ದು 1763ರಲ್ಲಿ. ಅಲ್ಲಿಂದೀಚೆಗೆ ಎರಡೂವರೆ ಶತಮಾನಗಳ ಮಳೆಗೆ ಮೇಲಿನದೆಲ್ಲ ಹೋಯಿತು. ಉಳಿದಿರುವುದು ಕಲ್ಲಿನ ಜಗಲಿ, ಕಂಬದ ಪೀಠಗಳು, ಮೆಟ್ಟಿಲುಗಳ ಕೊಳ, ಕಲ್ಲು ಹಾಸಿದ ದಾರಿ. ಅಡಿಪಾಯ ಮಾತ್ರ ಉಳಿಯಿತು ಎಂದರೆ, ಅದನ್ನು ಕಟ್ಟಿದವರಿಗೆ ನೀರಿನ ನಡೆ ತಿಳಿದಿತ್ತು ಎಂದೇ ಅರ್ಥ. ನಗರದ ಬಳಿಯ ದೇವಗಂಗೆಯನ್ನು ನೋಡಿ. ಗುಡ್ಡದ ಒರತೆಯ ನೀರು ಕೊಳದಿಂದ ಕೊಳಕ್ಕೆ ಹರಿದು ಹೊರಗೆ ಸಾಗುತ್ತದೆ. ಬರುವ ನೀರಿಗೂ ದಾರಿ ಇದೆ, ಹೋಗುವ ನೀರಿಗೂ ದಾರಿ ಇದೆ. ಇಕ್ಕೇರಿಯ ಅಘೋರೇಶ್ವರ ದೇವಾಲಯವೂ ಎತ್ತರದ ಜಗತಿಯ ಮೇಲೆಯೇ ನಿಂತಿದೆ.

ಅರಸರ ಮಾತು ಹಾಗಿರಲಿ, ನಮ್ಮ ಹಿರಿಯರ ಸಾಮಾನ್ಯ ಮನೆಗಳಲ್ಲಿಯೂ ಇದೇ ತಿಳಿವಳಿಕೆ ಇತ್ತು. ನಮ್ಮ ಕಡೆ ಮನೆಯ ತಳಪಾಯಕ್ಕೆ 'ಪಂಚಾಂಗ' ಎನ್ನುತ್ತಾರೆ. ಗೋಡೆಯ ಮೇಲೆ ತೂಗುಹಾಕುವ ಪಂಚಾಂಗಕ್ಕಿಂತ ಈ ಪಂಚಾಂಗವನ್ನು ಹಿರಿಯರು ಹೆಚ್ಚು ನಂಬಿದ್ದರು! ಮನೆಗೆ ಮೂರು ಕಡೆಯಿಂದ ನೀರು ಬರುತ್ತದೆ: ಮಾಡಿನಿಂದ, ಧರೆಯಿಂದ, ನೆಲದೊಳಗಿನಿಂದ. ಮಾಡಿನ ನೀರಿಗಾಗಿ ಸೂರನ್ನು ಜಗಲಿಯಾಚೆಗೂ ಚಾಚುತ್ತಿದ್ದರು. ಎರಚಲು ತಾಗದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಧರೆಯ ನೀರಿಗಾಗಿ ಮನೆಯ ಹಿಂದೆ ಅಗಳು ತೋಡಿ, ಅದನ್ನು ಇಳಿಜಾರಿನಲ್ಲಿ ತೋಟದ ಬಸಿಗಾಲುವೆಗೆ ಸೇರಿಸುತ್ತಿದ್ದರು. ನೆಲದ ನೀರಿಗಾಗಿ ಪಂಚಾಂಗವನ್ನು ಅಂಗಳಕ್ಕಿಂತ ಎತ್ತರಿಸಿ ಕಲ್ಲಿನಿಂದ ಕಟ್ಟುತ್ತಿದ್ದರು. ಮಣ್ಣಿನ ಗೋಡೆ ಏಳುತ್ತಿದ್ದುದು ಅದರ ಮೇಲೆ. ಹಣತೆಯ ಬತ್ತಿ ಎಣ್ಣೆಯನ್ನು ಹೀರುವಂತೆ ಗೋಡೆಯೂ ನೆಲದ ತೇವವನ್ನು ಮೇಲಕ್ಕೆ ಹೀರುತ್ತದೆ. ವಿಜ್ಞಾನದ ಪುಸ್ತಕ ಅದನ್ನು ಲೋಮನಾಳ ಕ್ರಿಯೆ ಎನ್ನುತ್ತದೆ. ಆ ಹೆಸರು ತಿಳಿಯದಿದ್ದರೂ ಹಿರಿಯರಿಗೆ ಅದರ ಕೆಲಸ ತಿಳಿದಿತ್ತು.

ಕಾಲ ಬದಲಾಯಿತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕ್ರಮೇಣ ಹುಲ್ಲು, ಸೋಗೆಗಳ ಮಾಡು ಹೋಗಿ ಮಂಗಳೂರು ಹೆಂಚು ಘಟ್ಟದ ಮೇಲಕ್ಕೂ ಬಂದಿತು. ಆಗಲೂ ಸೂರು ಉಳಿದಿತ್ತು. ಆಮೇಲೆ ಬಂದ ಕಾಂಕ್ರೀಟು ತಾರಸಿಯು ಸೂರನ್ನೇ ಮೊಟಕುಗೊಳಿಸಿತು. ಅಂಗಳಕ್ಕೆ ಸಿಮೆಂಟು ಬಿತ್ತು. ಅಗಳು ದಂಡದ ಜಾಗವೆಂದು ತೋರತೊಡಗಿತು.

ಹಾಗೆ ತೋರಿದವರಲ್ಲಿ ನಾನೂ ಒಬ್ಬ. 1994ರ ಬೇಸಿಗೆಯಲ್ಲಿ ಹಳೆಯ ಮನೆಯ ಹಿಂಬದಿಗೆ ಸ್ನಾನದ ಕೋಣೆ ಸೇರಿಸಲು ಹೊರಟೆ. ಅಗಳು ಅಡ್ಡ ಬಂದಿತು. ಮುಚ್ಚಿಸಿಬಿಟ್ಟೆ. ಅಪ್ಪಯ್ಯ ಜಗಲಿಯಿಂದ ಎದ್ದು ಬಂದು, "ತಮ್ಮಾ, ಅದು ನಮ್ಮ ಅಗಳಲ್ಲ, ಗುಡ್ಡದ್ದು. ಮುಚ್ಚಿದರೆ ಅದರ ನೀರು ಎಲ್ಲಿಗೆ ಹೋಗಬೇಕು?" ಎಂದರು. "ಕಾಂಕ್ರೀಟು ಹಾಕಿಸುತ್ತೇನಲ್ಲ ಅಪ್ಪಯ್ಯ" ಎಂದೆ. ಬಿ.ಎಡ್. ಮಾಡಿದ ಮಗನಿಗೆ ಅವರು ಮರುಮಾತಾಡಲಿಲ್ಲ.

ಮೂರನೆಯ ವರ್ಷದ ಪುಷ್ಯ ಮಳೆಯಲ್ಲಿ ಅಡುಗೆಮನೆಯ ನೆಲದಲ್ಲಿಯೇ ಜಲ ಎದ್ದಿತು. ಆ ರಾತ್ರಿ ಹಿಂದಿನ ಗೋಡೆ ಬಿರುಕು ಬಿಟ್ಟ ಸದ್ದಿಗೆ ಎಚ್ಚರಗೊಂಡು, ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಮ್ಮನನ್ನು ಕೈಹಿಡಿದು ಜಗಲಿಗೆ ಕರೆತಂದೆ. ಬೆಳಗಿನ ಜಾವ ಗೋಡೆಯ ಅರ್ಧಭಾಗ ಒಳಮುಖವಾಗಿ ಕುಸಿಯಿತು. ಅಮ್ಮನ ಹಾಸಿಗೆಯ ಮೇಲೆ ತೊಯ್ದ ಮಣ್ಣಿನ ರಾಶಿ ಬಿದ್ದಿದ್ದುದನ್ನು ನಾನು ಇಂದಿಗೂ ಮರೆತಿಲ್ಲ. ಅಪ್ಪಯ್ಯ ಒಂದು ಮಾತನ್ನೂ ಆಡಲಿಲ್ಲ. ಕಂಬಳಿಕೊಪ್ಪೆ ಹೊದ್ದು, ಗುದ್ದಲಿ ಹಿಡಿದು, ಮುಚ್ಚಿದ್ದ ಅಗಳನ್ನು ಬಿಡಿಸತೊಡಗಿದರು. ನಾನೂ ಹೋಗಿ ಹಾರೆ ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಕೆಂಪು ನೀರು ತನ್ನ ಹಳೆಯ ದಾರಿ ಹಿಡಿದು ತೋಟಕ್ಕೆ ಇಳಿಯಿತು.

2018ರಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ನನಗೆ ಆ ರಾತ್ರಿಯೇ ನೆನಪಾಯಿತು. ಅಂತಹ ದುರಂತಗಳಿಗೆ ಮಳೆಯೊಡನೆ ಬೇರೆ ಕಾರಣಗಳೂ ಸೇರಿರುತ್ತವೆ. ಆದರೂ ಧರೆ ಕಡಿದು ಮನೆ ಕಟ್ಟುವವರು ಗುಡ್ಡದ ನೀರಿನ ಲೆಕ್ಕವನ್ನು ಮೊದಲು ಹಾಕಬೇಕು.

ಹೊಸ ಮನೆಯ ವಿದ್ಯಾರ್ಥಿಗೆ ಹೇಳಿದ್ದು ಇಷ್ಟೇ. ಒಳಗೋಡೆಗೆ ಬಣ್ಣ ಬಳಿಯುವ ಮೊದಲು ಮಳೆ ಸುರಿಯುತ್ತಿರುವಾಗ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬಾ. ತಾರಸಿಯ ನೀರು ಗೋಡೆಯ ಬುಡಕ್ಕೆ ಬೀಳುತ್ತಿದ್ದರೆ ಕೊಳವೆ ಹಾಕಿ ದೂರಕ್ಕೆ ಬಿಡು. ಅಂಗಳದ ಇಳಿಜಾರು ಮನೆಯ ಕಡೆಗಿದ್ದರೆ ಹೊರಕ್ಕೆ ತಿರುಗಿಸು. ಹಿಂದೆ ಧರೆ ಇದ್ದರೆ ಅಗಳು ತೋಡು, ಮೃಗಶಿರ ಮಳೆಗೆ ಮೊದಲು ಪ್ರತಿ ವರ್ಷವೂ ಅದರ ಕಸ ತೆಗೆ. ಇಷ್ಟಾದ ಮೇಲೂ ತೇವ ಏರಿದರೆ, ಪಂಚಾಂಗಕ್ಕೂ ಗೋಡೆಗೂ ನಡುವಿನ ತೇವ ತಡೆಯುವ ಪದರದಲ್ಲಿ ದೋಷವಿದೆಯೇ ಎಂದು ತಿಳಿದವರಿಂದ ನೋಡಿಸು.

ಮೊನ್ನೆ ಅವನು ಮತ್ತೆ ಫೋನ್ ಮಾಡಿದ್ದನು. ಹಿತ್ತಲಿನಲ್ಲಿ ನೆಲ ಅಗೆಯುವಾಗ ಹಳೆಯ ಅಗಳೊಂದರ ಕಲ್ಲುಗಳು ಸಿಕ್ಕಿವೆಯಂತೆ. "ಅಜ್ಜ ಮಾಡಿಸಿದ್ದಿರಬೇಕು ಸಾರ್, ಮನೆ ಕಟ್ಟುವಾಗ ನಾವೇ ಮುಚ್ಚಿದ್ದೆವು" ಎಂದನು. ಈ ಸಲ ಇಬ್ಬರೂ ನಗಲಿಲ್ಲ. ಅದೇ ಕಲ್ಲುಗಳನ್ನು ತಿರುಗಿ ಕೂರಿಸು ಎಂದೆ.