ಕೊಡಗಿನಲ್ಲಿ ಹವಾನಿಯಂತ್ರಣ: ತಂಪಿನ ಲೆಕ್ಕ, ತೇವದ ಲೆಕ್ಕ

ಏಪ್ರಿಲ್ ಬಂತೆಂದರೆ ‘ಕೊಡಗಿಗೂ ಕಾಲಿಟ್ಟ ಎಸಿ’ ಎಂಬ ಸುದ್ದಿ ಬರುತ್ತದೆ. ಅಂಗಡಿಯ ಮುಂದೆ ಪೇರಿಸಿಟ್ಟ ಡಬ್ಬಗಳ ಫೋಟೊ, ಜೊತೆಗೆ ಬೆಟ್ಟದ ಹವೆ ಕೆಟ್ಟೇಹೋಯಿತೆಂಬ ಮಾತು. ಬಿಸಿಲು ಜೋರಾಗಿಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಶೀತಲೀಕರಣದ ಕಸುಬಿನಲ್ಲೇ ತಲೆ ನರೆತ ನನಗೆ ಈ ಸುದ್ದಿ ಅರ್ಧ ಸತ್ಯವಾಗಿ ಕಾಣುತ್ತದೆ. ಹವಾನಿಯಂತ್ರಣವೆಂದರೆ ತಂಪು ಮಾಡುವುದು ಎಂದಷ್ಟೇ ತಿಳಿದದ್ದರಿಂದ ಹುಟ್ಟಿದ ತಪ್ಪು ಇದು. ಮಡಿಕೇರಿಯಂಥ ಊರಲ್ಲಿ ಸೆಕೆ ಕಾಡುವುದು ಕೆಲವು ವಾರ. ತೇವ ಕಾಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ.

ಈ ಯಂತ್ರ ಹುಟ್ಟಿದ್ದೂ ತೇವವನ್ನು ಹತೋಟಿಗೆ ತರಲೆಂದೇ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಕಾಗದ ತೇವಕ್ಕೆ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಿರಲಿಲ್ಲ. 25 ವರ್ಷದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್, ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿ ಅದರ ನೀರಿಳಿಸುವ ಏರ್ಪಾಟು ಮಾಡಿದ. ಚಿತ್ರಮಂದಿರಗಳಲ್ಲಿ ಜನ ತಂಪಾಗಿ ಕೂತದ್ದು ಆಮೇಲಿನ ಮಾತು. ಮಳೆಗಾಲದಲ್ಲಿ ಮಡಿಕೇರಿಯಲ್ಲಿ ಪ್ರೆಸ್ ನಡೆಸಿದವರಿಗೆ ಬ್ರೂಕ್ಲಿನ್‌ನ ಆ ಪಾಡನ್ನು ವಿವರಿಸಿ ಹೇಳಬೇಕಾಗಿಲ್ಲ.

ಅದಕ್ಕೂ ಹಿಂದಿನದನ್ನು ಬೇಗ ದಾಟಬಹುದು. 1833ರಲ್ಲಿ ಅಮೆರಿಕದಿಂದ ಹಡಗಿನಲ್ಲಿ ಕೋಲ್ಕತ್ತಕ್ಕೆ ಮಂಜುಗಡ್ಡೆ ಬಂತು. ಬಯಲುಸೀಮೆಯ ಬಂಗಲೆಗಳಲ್ಲಿ ಪಂಖಾ ಎಳೆದರು, ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರು. ಆ ತಟ್ಟಿಯ ಉಪಾಯವೇ ಇಂದಿನ ಏರ್ ಕೂಲರ್. ಒಣಗಾಳಿಯ ರಾಯಚೂರಿನಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಜಡಿಮಳೆಯ ಕಕ್ಕಡ (ಜುಲೈ–ಆಗಸ್ಟ್) ತಿಂಗಳ ಭಾಗಮಂಡಲದಲ್ಲಿ, ಮೊದಲೇ ನೀರು ಕುಡಿದ ಗಾಳಿಗೆ ಮತ್ತಷ್ಟು ನೀರು ಸೇರಿಸುತ್ತದೆ, ಅಷ್ಟೆ.

ಕೊಡಗಿನ ಉತ್ತರ ಕೊಡವ ಮನೆತನಗಳ ಮೂಲಮನೆಯಾದ ಐನ್‌ಮನೆಯಲ್ಲಿತ್ತು. ದಪ್ಪ ಮಣ್ಣಿನ ಗೋಡೆ, ಎತ್ತರದ ಜಗಲಿ, ಗೋಡೆಗೆ ಎರಚಲು ತಾಗದಂತೆ ಮುಂದಕ್ಕೆ ಚಾಚಿದ ಮಾಡು, ಹಗಲೆಲ್ಲ ಜನ ಕೂರುವ ಕೈಯಾಲೆ. ಒಲೆಯ ಬಿಸಿಯೂ ಹೊಗೆಯೂ ಅಟ್ಟಕ್ಕೇರಿ ಮರವನ್ನು, ಬಿತ್ತನೆಯ ಧಾನ್ಯವನ್ನು, ತೂಗುಹಾಕಿದ ಮಾಂಸವನ್ನು ಒಣಗಿಸುತ್ತಿದ್ದವು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡು ಹೋಗಿ ಹಂಚು ಬಂದರೂ ಈ ಕ್ರಮ ಕೆಡಲಿಲ್ಲ. ಹಂಚಿನ ಸಂದಿಯಲ್ಲಿ ಗಾಳಿಯಾಡುತ್ತಿತ್ತು. ಆ ಮನೆಗಳ ಕತ್ತಲೆ, ಹೆಂಗಸರ ಕಣ್ಣಿಗೆ ಹೊಗೆ ಕೊಟ್ಟ ಉರಿ ಇವನ್ನು ಮರೆತು ಹೊಗಳುವುದು ಸರಿಯಲ್ಲ. ಆದರೂ ತೇವದ ಲೆಕ್ಕ ಅವರಿಗೆ ಗೊತ್ತಿತ್ತು.

ಯಂತ್ರದ ತಂಪಿನ ಕಥೆಯನ್ನು ನಾನು ಕೊಡಗಿನದೇ ಆದ ಕೂಡಿಗೆಯಿಂದ ಶುರುಮಾಡುತ್ತೇನೆ. ಕರ್ನಾಟಕದ ಸಹಕಾರಿ ಹೈನುಗಾರಿಕೆಯ ಚರಿತ್ರೆಯಲ್ಲಿ 1955ರ ಕೂಡಿಗೆ ಡೇರಿಗೆ ಮೊದಲ ಸ್ಥಾನವಿದೆ. ಹಾಲನ್ನು 4 ಡಿಗ್ರಿಗೆ ಇಳಿಸದಿದ್ದರೆ ಅದು ಊರು ಬಿಟ್ಟು ಹೋಗುವಂತಿಲ್ಲ. 1954ರಲ್ಲಿ ವೋಲ್ಟಾಸ್ ಶುರುವಾಯಿತು, 1958ರಲ್ಲಿ ಗೋದ್ರೆಜ್ ಫ್ರಿಜ್ ಬಂತು. ಇವನ್ನು ಬರೆದವರು ಕೂಡಿಗೆಯನ್ನು ಬರೆಯುವುದಿಲ್ಲ. ಹಳ್ಳಿಯ ಹಾಲು, ಆಸ್ಪತ್ರೆಯ ಲಸಿಕೆ ಕೆಡದಂತೆ ಕಾಯ್ದ ಕೆಲಸ ಹವಾನಿಯಂತ್ರಣದ ಚರಿತ್ರೆಗೆ ಯಾಕೋ ಸೇರುವುದೇ ಇಲ್ಲ.

ನಮ್ಮ ತಲೆಮಾರು ಕೆಲಸ ಕಲಿತದ್ದು ಕಿಟಕಿ ಎಸಿಗಳ ಕಾಲದಲ್ಲಿ. ಬ್ಯಾಂಕಿಗೆ ಕಂಪ್ಯೂಟರ್ ಬಂತು, ಅದಕ್ಕೊಂದು ಎಸಿ ಕೋಣೆ ಬೇಕಾಯಿತು. ಆಪರೇಷನ್ ಥಿಯೇಟರ್, ಎಕ್ಸ್‌ರೇ ಕೋಣೆಗಳಿಗೂ ಬಂತು. ಗ್ಯಾಸ್ ಸೋರಿಕೆ ಹುಡುಕಲು ಹ್ಯಾಲೈಡ್ ಟಾರ್ಚ್ ಹಿಡಿಯುತ್ತಿದ್ದೆವು. ಸೋರುವ ಜಾಗಕ್ಕೆ ಬಂದೊಡನೆ ಜ್ವಾಲೆ ಹಸಿರಾಗುತ್ತಿತ್ತು. ಹಾಗೆ ಸೋರಿದ ಆರ್-12 ಆಕಾಶದ ಓಜೋನ್ ಪದರ ತಿನ್ನುತ್ತಿತ್ತೆಂದು 1987ರ ಮಾಂಟ್ರಿಯಲ್ ಒಪ್ಪಂದದ ಸುದ್ದಿ ನಮ್ಮ ವರ್ಕ್‌ಶಾಪಿಗೆ ಮುಟ್ಟುವ ಹೊತ್ತಿಗೆ ತಿಳಿಯಿತು. ಎಸಿಗಳಲ್ಲಿ ಆರ್-22ರ ಬಳಿಕ ಆರ್-410ಎ, ಈಗ ಆರ್-32. ಆ ಕಾಲದ ಒಳ್ಳೆಯ ಮೇಸ್ತ್ರಿಗಳು ಯಂತ್ರದ ಮಾತೆತ್ತುವ ಮೊದಲು ಕೋಣೆ ನೋಡುತ್ತಿದ್ದರು: ಪಶ್ಚಿಮದ ಗೋಡೆ ಯಾವುದು, ಮಾಡು ಎಂಥದು, ಬಾಗಿಲು ಎಷ್ಟು ಸಲ ತೆರೆಯುತ್ತದೆ. ‘ಎಷ್ಟು ಟನ್?’ ಎಂಬುದು ಕೊನೆಯ ಪ್ರಶ್ನೆ. ನಾನು ಇವತ್ತಿಗೂ ಆ ಪಂಥದವನೇ.

ಸ್ಪ್ಲಿಟ್ ಎಸಿ, ಹೋಂಸ್ಟೇ, ರೆಸಾರ್ಟ್ ಬಂದ ಮೇಲೆ ಕ್ರಮ ತಲೆಕೆಳಗಾಯಿತು. ಗಾಜಿನ ಗೋಡೆ, ಬೋಳು ತಾರಸಿ ಮೊದಲು. ಬಿಸಿಯಾದದ್ದಕ್ಕೆ ಎಸಿ ಆಮೇಲೆ. ಕಾಂಕ್ರೀಟ್ ಚಪ್ಪಡಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಕೋಣೆಗೆ ಬಿಡುತ್ತದೆ. ಏಪ್ರಿಲ್‌ನ ಅಂಥ ರಾತ್ರಿಗಳಲ್ಲಿ ಹೊರಗೆ ಕಂಬಳಿ ಹೊದೆಯುವಷ್ಟು ಚಳಿಯಿದ್ದರೂ ಒಳಗೆ ಫ್ಯಾನ್ ಸಾಲದಾಗುತ್ತದೆ. ಎಸಿ ಮಾರಾಟದ ಏರಿಕೆಯಲ್ಲಿ ಹವಾಮಾನದ ಪಾಲೆಷ್ಟು, ತಾರಸಿಯ ಪಾಲೆಷ್ಟು ಎಂದು ಬಿಡಿಸಿ ನೋಡಿದ ವರದಿ ಕಾಣಸಿಗುವುದಿಲ್ಲ.

ಜುಲೈಯಲ್ಲಿ ಅಂಥ ಕೋಣೆಯ ಎಸಿ ಸರ್ವಿಸ್‌ಗೆ ಹೋದರೆ ನೋಡಬೇಕು. ಮುಂದಿನ ಮುಚ್ಚಳ ತೆಗೆದೊಡನೆ ಮುಗ್ಗಲು ವಾಸನೆ. ಬ್ಲೋವರ್‌ನ ಎಲೆ ಎಲೆಗೂ ಕಪ್ಪು ಬೂಷ್ಟು, ಡ್ರೈನ್ ಪೈಪಿನಲ್ಲಿ ಲೋಳೆ, ಹಿಂದಿನ ಗೋಡೆಯಲ್ಲಿ ಹಸಿ ಕಲೆ. ಮಾಲೀಕರ ದೂರು: ‘24ಕ್ಕೆ ಇಟ್ಟರೂ ತೇವ ಹೋಗುವುದಿಲ್ಲ.’ ಹೋಗುವುದಾದರೂ ಹೇಗೆ? ಕೋಣೆಯೇ 20 ಡಿಗ್ರಿಯಲ್ಲಿದೆ. 24ಕ್ಕೆ ಇಟ್ಟ ಥರ್ಮೋಸ್ಟಾಟ್ ಕಂಪ್ರೆಸರನ್ನು ಎಬ್ಬಿಸುವುದೇ ಇಲ್ಲ. ಕಾಯಿಲ್ ತಣ್ಣಗಾಗದೆ ನೀರು ಇಳಿಯುವುದಿಲ್ಲ. 16ಕ್ಕೆ ಇಳಿಸಿದರೆ ನೀರೂ ಇಳಿಯುತ್ತದೆ, ಮಲಗಿದವರೂ ನಡುಗುತ್ತಾರೆ.

ಇದು ಯಂತ್ರದ ಕೆಡುಕಲ್ಲ. ಎಸಿಯ ಸಾಮರ್ಥ್ಯ ಅಳೆಯುವ ಪರೀಕ್ಷೆ ನಡೆಯುವುದು ಹೊರಗೆ 35, ಒಳಗೆ 27 ಡಿಗ್ರಿ ಇಟ್ಟು. ನಕ್ಷತ್ರದ (ಸ್ಟಾರ್ ರೇಟಿಂಗ್) ಗುರುತಿಗೆ ಆಧಾರವಾದ ವಾರ್ಷಿಕ ಲೆಕ್ಕ ಹೊರಗಿನ ಹವೆಯನ್ನು 24ರಿಂದ 43 ಡಿಗ್ರಿವರೆಗೆ ಮಾತ್ರ ಹಿಡಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ, ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಮಡಿಕೇರಿಯ ಜುಲೈ ಆ ಲೆಕ್ಕದೊಳಗೆ ಬರುವುದೇ ಇಲ್ಲ. ಒಂದೇ ಜಿಲ್ಲೆಯಾದರೂ ತಗ್ಗಿನ, ಮಳೆ ಕಡಿಮೆಯ ಕುಶಾಲನಗರದ ಮಾತು ಬೇರೆ. ಅಲ್ಲಿ ಬೇಸಿಗೆಗೆ ಎಸಿ ನ್ಯಾಯವಾಗಿಯೇ ಬೇಕು.

ಮಳೆಗಾಲದ ಬೆಟ್ಟಕ್ಕೆ ಬೇಕಾದದ್ದು ತೇವ ಹೀರುವ ಯಂತ್ರ, ಡಿಹ್ಯುಮಿಡಿಫೈಯರ್. ಅದರಲ್ಲೂ ಅದೇ ಕಂಪ್ರೆಸರ್, ಅದೇ ಗ್ಯಾಸ್. ಗಾಳಿ ಮೊದಲು ತಣ್ಣನೆಯ ಕಾಯಿಲ್ ಹಾದು ನೀರು ಬಿಡುತ್ತದೆ, ಆಮೇಲೆ ಬಿಸಿ ಕಾಯಿಲ್ ಹಾದು ಬೆಚ್ಚಗಾಗಿ ಕೋಣೆಗೆ ಮರಳುತ್ತದೆ. 20 ಡಿಗ್ರಿಯ ಗಾಳಿ ಘನಮೀಟರಿಗೆ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಹಿಡಿಯುತ್ತದೆ, 30 ಡಿಗ್ರಿಯದು 30 ಗ್ರಾಂ. ಸ್ವಲ್ಪ ಬೆಚ್ಚಗಾದರೂ ಗಾಳಿ ಒಣಗಿದಂತಾಗುವುದು ಇದರಿಂದಲೇ. ಬೀರುವಿನೊಳಗೆ ಬಲ್ಬು ಉರಿಸಿ ರೇಷ್ಮೆ ಸೀರೆ, ಕುಪ್ಪಸ ಕಾಪಾಡಿದ ತಾಯಂದಿರು ಮಾಡಿದ್ದೂ ಇದನ್ನೇ. 40 ವ್ಯಾಟಿನ ಹಳೆಯ ಬಲ್ಬು ಹೋಗಿ ಎಲ್‌ಇಡಿ ಬಂದ ಮೇಲೆ ಬೆಳಕು ಉಳಿಯಿತು, ಬಿಸಿ ಹೋಯಿತು. ಆ ಜಾಗಕ್ಕೆ ಏನು ಬರಬೇಕೆಂದು ನಮ್ಮ ಕಸುಬಿನವರು ಯೋಚಿಸಲಿಲ್ಲ.

ಬಟ್ಟೆಗಿಂತ ದೊಡ್ಡ ಬದುಕೂ ಇದರಲ್ಲಿದೆ. ಕಣದಲ್ಲಿ ಒಣಗಿಸಿ ಶೇ 10–11ರ ತೇವಕ್ಕೆ ತಂದ ಕಾಫಿ, ಮಳೆಗಾಲಕ್ಕೆ ಗೋದಾಮಿನಲ್ಲೇ ಉಳಿದರೆ ಮತ್ತೆ ತೇವ ಎಳೆದುಕೊಳ್ಳುತ್ತದೆ. ನೆಲಕ್ಕೆ, ಗೋಡೆಗೆ ತಾಗಿದ ಚೀಲ ಮೊದಲು ಮುಗ್ಗುತ್ತದೆ; ಕಾಳು ಬೆಳ್ಳಗಾದರೆ ಬೆಲೆಯೂ ಇಳಿಯುತ್ತದೆ. ಅತಿಥಿಯ ಕೋಣೆಗೆ ಎರಡು ಟನ್ ಎಸಿ ಹಾಕಿಸುವ ತೋಟದ ಮನೆಯಲ್ಲೇ ವರ್ಷದ ದುಡಿಮೆಯಿರುವ ಗೋದಾಮಿಗೆ ತೇವ ತೋರಿಸುವ ಮೀಟರ್ ಕೂಡ ಇರುವುದಿಲ್ಲ. ಮನೆತನದ ಕಾಗದಪತ್ರ, ಶಾಲೆಯ ಪುಸ್ತಕದ ಕಪಾಟುಗಳ ಗತಿಯೂ ಇದೇ.

2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಇಂಡಿಯಾ ಕೂಲಿಂಗ್ ಆ್ಯಕ್ಷನ್ ಪ್ಲಾನ್ ಕಟ್ಟಡಗಳ ತಂಪು, ಶೈತ್ಯಾಗಾರ, ಮೆಕ್ಯಾನಿಕ್‌ಗಳ ತರಬೇತಿ ಎಲ್ಲವನ್ನೂ ಮುಟ್ಟಿತು. ಅದು ಒಳ್ಳೆಯ ಕೆಲಸ. ಮಳೆನಾಡಿನ ತೇವಕ್ಕೆ ಅಷ್ಟೇ ತೂಕದ ಯೋಜನೆ ಇನ್ನೂ ಬರಬೇಕು. ಹವಾಮಾನ ಕೇಂದ್ರಗಳು ಅಳೆಯುವುದು ಹೊರಗಿನ ಗಾಳಿಯನ್ನು. ಜನ ಮಲಗುವ ಕೋಣೆ, ಕಾಫಿ ಇಡುವ ಗೋದಾಮು ಯಾರ ಅಳತೆಗೂ ಸೇರಿಲ್ಲ. ಐಟಿಐನಲ್ಲಿ ಎಸಿ ಮೆಕ್ಯಾನಿಕ್ ಟ್ರೇಡ್ ಎರಡು ವರ್ಷದ್ದು. ಆ ಹುಡುಗರು ಒಂದು ಐನ್‌ಮನೆ, ಒಂದು ಹಂಚಿನ ಮನೆ, ಒಂದು ತಾರಸಿ ಮನೆಯಲ್ಲಿ ಅಗ್ಗದ ತೇವಮಾಪಕ ಇಟ್ಟು ದಿನವೂ ಬರೆದುಕೊಳ್ಳಬಹುದು. ಒಂದು ಕಕ್ಕಡದಿಂದ ಇನ್ನೊಂದು ಕಕ್ಕಡದವರೆಗಿನ ಆ ಅಂಕಿಗಳು ಕೈಗೆ ಬಂದರೆ, ಯಾವ ಕೋಣೆಗೆ ಎಸಿಯೇ ಬೇಕು, ಯಾವುದಕ್ಕೆ ತೇವ ಹೀರುವ ಯಂತ್ರ ಸಾಕು, ಎಲ್ಲಿ ತಾರಸಿಯ ಮೇಲೊಂದು ಹಂಚಿನ ಮಾಡು ಹಾಕಿದರೆ ಎರಡೂ ಬೇಡ ಎಂಬುದನ್ನು ಗಿರಾಕಿಗೆ ಅಂದಾಜಿನ ಬದಲು ಲೆಕ್ಕ ತೋರಿಸಿಯೇ ಹೇಳಬಹುದು.